ಕುದುರೆಗೆ ಹಾಕಿದ ದೋಣಿಯ ಗಂಟು

ಹೋದ ವಾರ ಹೆಂಡತಿ ಹುರುಳಿ ಬೇಯಲಿಟ್ಟಿದ್ದಳು. ನಮ್ಮ ಮನೆಗೆ ಹುರುಳಿ ಸಾರು ಹೊಸತಲ್ಲ, ಮೀನಿಲ್ಲದ ದಿನ ಅದೇ ಗತಿ. ಆದರೆ ಕುಕ್ಕರಿನ ರಬ್ಬರು ಹಾಳಾಗಿತ್ತೆಂದು ಆವತ್ತು ದೊಡ್ಡ ಪಾತ್ರೆಯಲ್ಲಿ ಮುಚ್ಚಳವಿಲ್ಲದೆ ಬೇಯಿಸಿದಳು. ಹಬೆ ಅಡುಗೆಮನೆ ದಾಟಿ ಜಗಲಿಗೆ ಬಂತು. ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ ನನ್ನ ಕೈ ನಿಂತುಹೋಯಿತು. ಬೆಂದ ಹುರುಳಿ, ಬೈಹುಲ್ಲಿನ ಧೂಳು, ಬೆವರಿದ ಕುದುರೆಯ ಮೈ... ಅಡುಗೆಮನೆಯಲ್ಲಿದ್ದದ್ದು ಹುರುಳಿ ಮಾತ್ರ. ಉಳಿದೆರಡನ್ನು ಮೂಗು ತಾನೇ ಸೇರಿಸಿಕೊಂಡಿತು.

ನನಗೆ ಕುದುರೆ ಸವಾರಿ ಕಲಿಸಿದವರು ಒಬ್ಬರಿದ್ದರು. ಹೆಜಮಾಡಿಯ ಮೀನುಗಾರ ಸವಾರಿ ಕಲಿತನೆಂದರೆ ನಮ್ಮೂರಲ್ಲಿ ಈಗಲೂ ನಗುತ್ತಾರೆ. ನಗಲಿ. ಕಲಿತದ್ದು ಯಾಕೆಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಆಗ ನನಗೆ ಇಪ್ಪತ್ತೇಳು. ಸೋದರಮಾವನ ದೋಣಿಯಲ್ಲಿ ಹೋಗುತ್ತಿದ್ದೆ. ನಮ್ಮ ಮನೆಯ ಕ್ರಮದಲ್ಲಿ ಮಾವನ ದೋಣಿ ಸೋದರಳಿಯನಿಗೆ ಬರಬೇಕು. ಹಾಗಾಗಿ ಆ ದೋಣಿಯಲ್ಲಿ ನನ್ನ ಜಾಗ ಹುಟ್ಟಿದಾಗಲೇ ಗೊತ್ತಾಗಿತ್ತು. ಒಂದು ಬೆಳಿಗ್ಗೆ, ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲಲ್ಲಿ ಅಲೆಗೆ ಸಿಕ್ಕಿ ದೋಣಿ ಮಗುಚಿತು. ಉಳಿದವರೆಲ್ಲ ಹೊರಗೆ ಬಿದ್ದರು, ನಾನು ಅಡಿಯಲ್ಲಿ ಉಳಿದೆ. ಎರಡೂ ಕಾಲಿಗೆ ಬಲೆ ಸುತ್ತಿತ್ತು. ತಲೆಯ ಮೇಲೆ ದೋಣಿಯ ಹೊಟ್ಟೆ, ಅಂಗೈಯಗಲದ ಗಾಳಿ, ಕತ್ತಲೆ. ಮಾವ ಚೂರಿ ಕಚ್ಚಿಕೊಂಡು ಮುಳುಗಿ, ಬಲೆ ಕೊಯ್ದು ನನ್ನನ್ನು ಎಳೆದು ತಂದರು.

ಮೈಗೆ ಎಂತದೂ ಆಗಿರಲಿಲ್ಲ. ಆದರೆ ಆಮೇಲೆ ದೋಣಿ ಹತ್ತಲಾಗಲಿಲ್ಲ. ದೋಣಿ ಬಿಡಿ, ಬಚ್ಚಲುಮನೆಯ ಚಿಲಕ ಹಾಕಲೂ ಆಗುತ್ತಿರಲಿಲ್ಲ. ಮಾವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ದಿನಾ ಬೆಳಿಗ್ಗೆ ನಮ್ಮ ಅಂಗಳದಲ್ಲಿ ನಿಂತು "ಬರ್ಪನಾ?" ಎಂದು ತುಳುವಿನಲ್ಲಿ ಒಂದೇ ಮಾತು ಕೇಳುವರು, ಬರುತ್ತೀಯಾ ಎಂದು. ನಾನು ತಲೆ ತಗ್ಗಿಸುವೆ, ಅವರು ಹೋಗುವರು. ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಲೂ ಇಲ್ಲ. ಆ ಖಾಲಿ ಜಾಗ ಮನೆಯೊಳಗೇ ಬಂದು ಕೂತ ಹಾಗಿತ್ತು.

ಗೂಡ್ಸ್ ರಿಕ್ಷಾ ಓಡಿಸಲು ಹಿಡಿದೆ. ಅದಕ್ಕೆ ಬಾಗಿಲಿಲ್ಲ, ಎರಡೂ ಕಡೆ ಬಯಲು. ಆ ಕಾರಣಕ್ಕೇ ಹಿಡಿದದ್ದು ಎಂದು ಈಗ ಹೇಳಲು ನಾಚಿಕೆಯಿಲ್ಲ. ಕಾರ್ಕಳದ ಕಡೆಯ ಗದ್ದೆಗಳಿಂದ ಬೈಹುಲ್ಲು ತುಂಬಿಸಿಕೊಂಡು ಮಣಿಪಾಲದ ಆಚೆ ಇದ್ದ ಒಂದು ಸಣ್ಣ ಕುದುರೆ ಲಾಯಕ್ಕೆ ಹಾಕುತ್ತಿದ್ದೆ. ಡಾಕ್ಟರುಗಳ ಮಕ್ಕಳು, ಕಾಲೇಜು ಹುಡುಗರು ಸವಾರಿ ಕಲಿಯಲು ಬರುವ ಜಾಗ. ಕಲಿಸುವವರು ವಿಜಯಪುರದವರು, ಅರುವತ್ತರ ಹತ್ತಿರದ ಒಣಕಲು ಮೈಯ ಮನುಷ್ಯ. ಮಕ್ಕಳು ಅವರನ್ನು ಅಂಕಲ್ ಎನ್ನುತ್ತಿದ್ದರು, ನಾನು ಮಾಸ್ಟ್ರೇ ಎನ್ನುತ್ತಿದ್ದೆ.

ಮೊದಲ ದಿನವೇ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಕಂದು ಹೆಣ್ಣುಕುದುರೆಯೊಂದು ಕೊಟ್ಟಿಗೆಯೊಳಗೆ ಹೋಗಲು ಒಲ್ಲದೆ ದಾರಿಗೆ ಅಡ್ಡ ನಿಂತಿತ್ತು. ಇವರು ಹಗ್ಗ ಸಡಿಲ ಬಿಟ್ಟು ಬೀಡಿ ಸೇದುತ್ತಾ ನಿಂತಿದ್ದರು.

"ಎಳೆದು ಒಳಗೆ ಹಾಕಿ ಮಾಸ್ಟ್ರೇ, ನನಗೆ ಇನ್ನೊಂದು ಬಾಡಿಗೆ ಉಂಟು," ಎಂದೆ.

"ಎಳದ್ರ ಹೋಗ್ತೈತಿ ತಮ್ಮಾ. ನಾಳೆ ಮತ್ತಷ್ಟು ಅಂಜತೈತಿ," ಎಂದರು. ಸ್ವಲ್ಪ ಹೊತ್ತಿಗೆ ಕುದುರೆ ತಾನೇ ಒಳಗೆ ಹೋಯಿತು. ಅವರು ನನ್ನ ಕಡೆ ತಿರುಗಿ, "ನೀನೂ ಹುಲ್ಲ ಕೋಣೀ ಒಳಗ ಹೋಗವಲ್ಲಿ. ಎಲ್ಲಾ ಹೊರಗ ಇಳಸಾಕತ್ತಿ," ಎಂದರು.

ಆ ಕೋಣೆಗೆ ಒಂದೇ ಬಾಗಿಲು, ಕಿಟಕಿಯಿರಲಿಲ್ಲ. ನನ್ನ ಮನೆಯವರೂ ಗಮನಿಸದ್ದನ್ನು ಆ ಮನುಷ್ಯ ಅರ್ಧ ಗಂಟೆಯಲ್ಲಿ ಕಂಡಿದ್ದರು. ಮತ್ತೇನೂ ಕೇಳಲಿಲ್ಲ. ಮಧ್ಯಾಹ್ನ ಮಕ್ಕಳು ಬರುವುದಿಲ್ಲ, ಕುದುರೆ ಹತ್ತಲು ಕಲಿಯುತ್ತೀಯೇನು ಎಂದರು. ಹೂಂ ಎಂದುಬಿಟ್ಟೆ.

ಆ ಕುದುರೆಯ ಹೆಸರು ಚಂದ್ರಿ. ವಿಜಯಪುರದಲ್ಲಿ ಅದು ಅವರದೇ ಜಟಕಾ ಎಳೆಯುತ್ತಿತ್ತಂತೆ. ಜಟಕಾ ಹತ್ತುವವರು ಇಲ್ಲದಾದಾಗ ಲಾಯದ ಧಣಿಗೆ ಮಾರಿದರು. "ಕುದುರಿ ಮಾರಿದೆ. ಅದರ ಸಂಗಾಟ ನಾನೂ ಬಂದೆ," ಎಂದು ಒಮ್ಮೆ ಹೇಳಿದ್ದರು. ಹೆಂಡತಿ, ಮಗಳು ಅಲ್ಲೇ ಇದ್ದರು. ಮಳೆಗಾಲದ ಥಂಡಿ, ಕುಚ್ಚಲಕ್ಕಿ ಅನ್ನ, ಬಾರದ ತುಳು, ಯಾವುದೂ ಅವರಿಗೆ ಒಗ್ಗಿರಲಿಲ್ಲ. ಆದರೂ ಊರಿಗೆ ಹೋಗಿ ಬನ್ನಿ ಎಂದರೆ, ಚಂದ್ರಿ ಬೇರೆಯವರ ಕೈಯಿಂದ ಹುರುಳಿ ತಿನ್ನುವುದಿಲ್ಲ ಎನ್ನುವರು. ಕಟ್ಟಿದ್ದು ಕುದುರೆಯನ್ನೋ ಅವರನ್ನೋ...

ನಾನು ಅಷ್ಟೇನೂ ಒಳ್ಳೆಯ ಶಿಷ್ಯನಾಗಿರಲಿಲ್ಲ. ದೋಣಿಯಲ್ಲಿ ಬೆಳೆದ ಮೈ ನನ್ನದು. ದೋಣಿ ಎಡಕ್ಕೆ ವಾಲಿದರೆ ನಾವು ಬಲಕ್ಕೆ ಭಾರ ಹಾಕಬೇಕು, ಅದು ಲೆಕ್ಕ. ಚಂದ್ರಿಯ ಮೇಲೂ ಅದನ್ನೇ ಮಾಡಿದೆ. ಅದು ವಾಲಿದಂತೆಲ್ಲ ನಾನು ಎದುರು ಒತ್ತಿದೆ. ಸಂಜೆಯ ಹೊತ್ತಿಗೆ ತೊಡೆ ಕಲ್ಲಾಗುತ್ತಿತ್ತು. "ನೀ ಕುದುರಿ ಮ್ಯಾಲೆ ಕುಂತಿಲ್ಲ ತಮ್ಮಾ, ಅದರ ಜೋಡಿ ಜಗಳಾ ಆಡಾಕತ್ತಿ," ಎಂದು ಅವರು ನಗುತ್ತಿದ್ದರು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆಯನ್ನು ನಾನು ಅಕ್ಷರಶಃ ಅನುಭವಿಸಿದೆ.

ಅದಕ್ಕಿಂತ ಕಷ್ಟವಾದದ್ದು ಪಾದ ಇಡುವ ಕಬ್ಬಿಣದ ಬಳೆ. ಅವರು ಅದನ್ನು ರಿಕಾಪು ಎನ್ನುತ್ತಿದ್ದರು. ಅದರೊಳಗೆ ಕಾಲು ಹಾಕಿದೊಡನೆ ನನಗೆ ಬಲೆಯ ನೆನಪಾಗಿ ಉಸಿರು ಹಿಡಿಯುತ್ತಿತ್ತು. ಮೂರನೆಯ ದಿನ ಅವರೇ ನನ್ನ ಪಾದ ಹಿಡಿದು ಹಿಂದಕ್ಕೆ ಸರಿಸಿದರು. "ಪೂರ್ತಿ ಹಾಕಬ್ಯಾಡ, ತುದಿಗಾಲು ಸಾಕು. ಬಿದ್ದರ ಕಾಲು ತಾನ ಹೊರಗ ಬರಬೇಕು." ಬಿದ್ದರೆ ಹೊರಗೆ ಬರಬಹುದು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆ ಒಂದು ಮಾತಿನಿಂದ ನಾನು ಕುದುರೆಯ ಮೇಲೆ ಉಳಿದೆ.

ಕುದುರೆ ಕಟ್ಟುವ ಗಂಟಿನಲ್ಲೂ ಅವರದು ಅದೇ ಪಾಠ. ಎಷ್ಟೇ ಬಿಗಿಯಾಗಿದ್ದರೂ ಒಂದು ತುದಿ ಎಳೆದರೆ ಇಡೀ ಗಂಟು ಬಿಚ್ಚಿಕೊಳ್ಳಬೇಕು. ನನಗೆ ಅದನ್ನು ನೋಡಿದರೆ ಕಸಿವಿಸಿ. "ಇಂಥ ಗಂಟು ಹಾಕಿದ್ರೆ ನಮ್ಮ ದೋಣಿ ಬೆಳಿಗ್ಗೆ ಲಕ್ಷದ್ವೀಪದಲ್ಲಿ ಇರ್ತದೆ ಮಾಸ್ಟ್ರೇ," ಎಂದೆ.

"ದೋಣಿಗೆ ಜೀವ ಇಲ್ಲಲ್ಲೋ," ಎಂದರು. "ಜೀವ ಇದ್ದದ್ದನ್ನ ಕಟ್ಟೂ ಮುಂದ ಬಿಚ್ಚೂದನ್ನ ಮೊದಲ ವಿಚಾರ ಮಾಡಬೇಕು." ನಾಲ್ಕೈದು ಸಲ ನನ್ನ ಕೈಯಲ್ಲೇ ಹಾಕಿಸಿದರು. ಬಂತು ಎಂದುಕೊಂಡೆ.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಸವಾರಿ ಮುಗಿಸಿ ಚಂದ್ರಿಯ ಮೈ ತೊಳೆಯಬೇಕಿತ್ತು. ಹುರುಳಿ ಬೆಂದಿದೆಯೋ ನೋಡಿ ಬರುತ್ತೇನೆ, ಕಟ್ಟಿಹಾಕು ಎಂದು ಹೇಳಿ ಅವರು ಒಳಗೆ ಹೋದರು. ನನಗೆ ಆವತ್ತು ಮೊದಲ ಬಾರಿ ಕುದುರೆ ಓಡಿಸಿದ ಖುಷಿ. ತಲೆ ಎಲ್ಲೋ ಇತ್ತು. ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಕಬ್ಬಿಣದ ಕಂಬಕ್ಕೆ ಎರಡು ಸುತ್ತು, ಮೇಲೊಂದು ಕುಣಿಕೆ, ಎಳೆದು ಬಿಗಿ... ಹತ್ತು ವರ್ಷದ ಹುಡುಗನಾಗಿದ್ದಾಗ ಮಾವ ಕಲಿಸಿದ ದೋಣಿಯ ಗಂಟು. ಎಳೆದಷ್ಟೂ ಬಿಗಿಯುವುದು, ನೀರು ಬಿದ್ದರೆ ಇನ್ನೂ ಬಿಗಿಯುವುದು. ಅದರ ಮೇಲೆ ನಾನೇ ಪೈಪು ಹಿಡಿದು ನೀರು ಬಿಟ್ಟೆ.

ಗಾಳಿಗೆ ಹುಲ್ಲಿನ ಮೇಲೆ ಹೊದೆಸಿದ್ದ ನೀಲಿ ಟಾರ್ಪಾಲು ಪಟಪಟನೆ ಎದ್ದಿತು. ಚಂದ್ರಿ ಬೆದರಿ ಹಿಂದಕ್ಕೆ ಎಳೆಯಿತು. ಹಗ್ಗ ಬಿಡಲಿಲ್ಲ. ಒದ್ದೆ ಸಿಮೆಂಟಿನಲ್ಲಿ ಹಿಂಗಾಲು ಜಾರಿ ಕುದುರೆ ಕುಸಿಯಿತು, ಕತ್ತು ಮಾತ್ರ ಕಂಬಕ್ಕೆ ನೇತಾಡುತ್ತಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು. ಗಂಟಲಿನಿಂದ ಬಂದ ಆ ಸದ್ದು ನನಗೆ ಗೊತ್ತಿತ್ತು. ದೋಣಿಯ ಅಡಿಯಲ್ಲಿ ನನ್ನ ಗಂಟಲಿನಿಂದ ಬಂದದ್ದೂ ಅದೇ.

ಅವರು ಓಡಿ ಬಂದರು. ಅಭ್ಯಾಸದಂತೆ ಹಗ್ಗದ ತುದಿ ಎಳೆದರು. ಬಿಚ್ಚಲಿಲ್ಲ. ಆಗ ಅವರು ನನ್ನ ಮುಖ ನೋಡಿದರು, ಒಂದೇ ಕ್ಷಣ. ಮತ್ತೆ ಗಂಟು ಸಡಿಲಿಸಲು ಬೆರಳು ತೂರಿಸಿದರು. ಚಂದ್ರಿ ಇನ್ನೊಮ್ಮೆ ಕೊಸರಿತು. ಹಗ್ಗಕ್ಕೂ ಕಂಬಕ್ಕೂ ನಡುವೆ ಅವರ ಬಲಗೈ ಸಿಕ್ಕಿಕೊಂಡಿತು.

ನಾನು ನಿಂತೇ ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಾಲಿಗೆ ಬಲೆ ಸುತ್ತಿಕೊಂಡವನ ಹಾಗೆ ನಿಂತಿದ್ದೆ. "ಕೊಯ್ಯೋ ತಮ್ಮಾ!" ಎಂದು ಅವರು ಕೂಗಿದ್ದು ಎರಡನೆಯ ಸಲವೋ ಮೂರನೆಯ ಸಲವೋ. ಆಮೇಲೆ ಓಡಿದೆ. ಮಾವ ನನ್ನ ಬಲೆ ಕೊಯ್ದಿದ್ದ ಚೂರಿಯನ್ನು ಹುಲ್ಲಿನ ಹಗ್ಗ ಕೊಯ್ಯಲೆಂದು ತಂದಿಟ್ಟುಕೊಂಡಿದ್ದೆ, ಅದು ರಿಕ್ಷಾದ ಸೀಟಿನ ಕೆಳಗಿತ್ತು. ತಂದು ಕೊಯ್ದೆ. ಚಂದ್ರಿ ಧೊಪ್ಪೆಂದು ಬಿದ್ದು, ಹೊರಳಿ, ಎದ್ದು ನಿಂತಿತು. ಅವರ ಎರಡು ಬೆರಳು ಹೋಗಿದ್ದವು.

ಧಣಿ ಬಂದರು. ಕಂಬದಲ್ಲೇ ಉಳಿದಿದ್ದ ಗಂಟನ್ನು ನೋಡಿ, "ಇದು ಎಂತ ಗಂಟು ಮಾರಾಯ್ರೇ? ಯಾರು ಕಟ್ಟಿದ್ದು?" ಎಂದರು.

"ನಾನ ಕಟ್ಟೇನ್ರಿ," ಎಂದರು ಮಾಸ್ಟ್ರು. ಬಲಗೈಗೆ ಟವೆಲು ಸುತ್ತಿಕೊಂಡಿದ್ದರು, ಅದು ನೆನೆದು ತೊಟ್ಟಿಕ್ಕುತ್ತಿತ್ತು.

"ಇಷ್ಟು ವರ್ಷ ಜಟಕಾ ಹೊಡೆದವರಿಗೆ ಇದು ಗೊತ್ತಾಗ್ಲಿಲ್ವಾ?"

ಅವರು ಟವೆಲನ್ನು ಇನ್ನೊಂದು ಸುತ್ತು ಬಿಗಿದರು. ಕಟ್ಟಿದ್ದು ನಾನು ಎಂದು ನಾನು ಹೇಳಲಿಲ್ಲ. ಒಂದು ಮಾತು ಸಾಕಿತ್ತು. ಧಣಿ ಬೈಯುತ್ತಾರೆಂಬ ಹೆದರಿಕೆಯಲ್ಲ. ದೋಣಿಗೂ ಆಗದವನು ಕುದುರೆಗೂ ಆಗಲಿಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತದಲ್ಲ, ಅದು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಅವರು.

ಆಸ್ಪತ್ರೆಯಿಂದ ಬಂದ ಮೇಲೆ ಧಣಿ ಅವರನ್ನು ಇಟ್ಟುಕೊಳ್ಳಲಿಲ್ಲ. ಇಂಥ ಬೇಜವಾಬ್ದಾರಿಯವರ ಕೈಗೆ ಮಕ್ಕಳನ್ನು ಹೇಗೆ ಒಪ್ಪಿಸುವುದು ಎಂದರಂತೆ. ಚಂದ್ರಿ ಲಾಯದ ಸೊತ್ತು, ಅದು ಅಲ್ಲೇ ಉಳಿಯಿತು. ಕುದುರೆಗಾಗಿ ಬಂದ ಮನುಷ್ಯ ಕುದುರೆಯನ್ನು ಬಿಟ್ಟು ಹೊರಟರು.

ಉಡುಪಿ ಬಸ್ ಸ್ಟ್ಯಾಂಡಿಗೆ ನನ್ನ ರಿಕ್ಷಾದಲ್ಲೇ ಬಿಟ್ಟೆ. ಸಂಜೆಯ ಬಸ್ಸು. ದಾರಿಯುದ್ದಕ್ಕೂ ಹೇಳಬೇಕೆಂದು ಬಾಯಿ ತೆರೆಯುವುದು, ಮುಂದೆ ಲಾರಿ ಬಂತೆಂದು ಮುಚ್ಚುವುದು, ಅದೇ ಆಯಿತು. ಇಳಿಯುವಾಗ ಅವರ ಹಾಸಿಗೆಯ ಸುರುಳಿ ಬಿಚ್ಚಿಹೋಗಿತ್ತು. ಬ್ಯಾಂಡೇಜಿನ ಕೈಯಲ್ಲಿ ಕಟ್ಟಲಾಗದೆ ಹಗ್ಗವನ್ನು ನನಗೆ ಕೊಟ್ಟರು. ನಾನು ಅವರು ಕಲಿಸಿದ ಗಂಟು ಹಾಕತೊಡಗಿದೆ. ಅವರು ಎಡಗೈಯಿಂದ ನನ್ನ ಕೈ ತಡೆದರು.

"ನಿನ್ನ ಗಂಟು ಹಾಕು ತಮ್ಮಾ. ಹಾಸಿಗಿಗೆ ಜೀವ ಇಲ್ಲ."

ಹಾಕಿದೆ. ಅಷ್ಟು ಬಿಗಿಯಾದ ಗಂಟನ್ನು ನಾನು ದೋಣಿಗೂ ಹಾಕಿರಲಿಲ್ಲ. ಕಣ್ಣು ಮಂಜಾಗಿ ಬಸ್ಸಿನ ಬೋರ್ಡು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಬಂದು "ಬರ್ಪನಾ?" ಎಂದಾಗ ಹೋದೆ. ಅಳಿವೆ ಬಾಗಿಲು ದಾಟುವಾಗ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ, ಆದರೆ ಕಾಲು ಹೇಗೆ ಇಡಬೇಕೆಂದು ಗೊತ್ತಿತ್ತು. ದೋಣಿ ಈಗ ನನ್ನದು. ಮಾವನಿಗೂ ಈ ಗಂಟಿನ ಕತೆ ಹೇಳಲಿಲ್ಲ. ಲಾಯ ಮುಚ್ಚಿದ ಮೇಲೆ ಚಂದ್ರಿಯನ್ನು ಯಾರೋ ಕೊಂಡರಂತೆ. ಒಮ್ಮೆ ಕಾಪು ದೀಪಸ್ತಂಭದ ಎದುರು ದೋಣಿಯಲ್ಲಿ ಹೋಗುವಾಗ, ಮರಳಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗಿ ಬರುತ್ತಿದ್ದ ಒಂದು ಕಂದು ಕುದುರೆ ಕಂಡಿತು. ಹಣೆಯ ಮಚ್ಚೆ ಅಷ್ಟು ದೂರದಿಂದ ಕಾಣಲಿಲ್ಲ...

ಅವರ ನಂಬರು ನನ್ನಲ್ಲಿತ್ತು. ಫೋನು ಬದಲಾದಾಗಲೆಲ್ಲ ನಂಬರೂ ಹೊಸ ಫೋನಿಗೆ ಬರುತ್ತಿತ್ತು. ಎಂದೂ ಒತ್ತಿರಲಿಲ್ಲ. ಹೋದ ವಾರ, ಹುರುಳಿಯ ಹಬೆ ಮೂಗಿಗೆ ಬಂದ ಮೇಲೆ ಒತ್ತಿದೆ. ಅವರ ಮಗಳು ತೆಗೆದಳು.

"ಅಪ್ಪ ಹೋಗಿ ಎರಡು ವರ್ಷ ಆತ್ರಿ. ಯಾರ್ರಿ ನೀವು?"

ಹೆಜಮಾಡಿಯಿಂದ ಎಂದೆ. ಮತ್ತೇನು ಹೇಳಬೇಕೋ ತಿಳಿಯದೆ, ದೋಣಿಯವನು ಎಂದೆ.

"ಅಯ್ಯ, ದೋಣಿ ಅಣ್ಣಾರೇನ್ರಿ! ನೀವ ಅಲ್ರಿ ಹಗ್ಗಾ ಕೊಯ್ದು ಅಪ್ಪನ ಕೈ ಉಳಿಸಿದವರು? ಅಪ್ಪ ಮನಿಗೆ ಬಂದವರಿಗೆಲ್ಲ ಹೇಳತಿದ್ದ. ನೀವು ಹಾಸಿಗಿಗೆ ಕಟ್ಟಿದ ಗಂಟು ಬಿಚ್ಚಾಕ ಬರಲಾರದ ಕೊಯ್ಯಬೇಕಾತ್ರಿ. ಅವತ್ತು ಎಷ್ಟ ನಕ್ಕ ಅಂತೀರಿ!"

"ಆ ಕುದುರೆಯನ್ನು ಕಟ್ಟಿದ್ದು ಯಾರು ಅಂತ ಹೇಳಿದ್ರಾ?" ಎಂದು ಕೇಳಿದೆ.

"ತಾನ ಕಟ್ಟಿದ್ದೆ ಅಂತಿದ್ದ ನೋಡ್ರಿ. ಅಪ್ಪ ಹೋಗೂತನಕ ಅವ್ವ ಅದಕ್ಕ ಬೈದ್ಲು ಅವಗ. ನಿನ್ನ ತಪ್ಪಿಗೆ ಅನ್ನದ ಕೈ ಕಳಕೊಂಡಿ ಅಂತ. ಅಪ್ಪ ಒಂದ ದಿನ ತಿರುಗಿ ಮಾತಾಡಲಿಲ್ಲ. ಅವ್ವ ಇಲ್ಲೇ ಕುಂತಾಳ್ರಿ, ಕೊಡಲೇನು?"

ಎಳೆದರೆ ಬಿಚ್ಚುವ ತುದಿ ನನ್ನ ಕೈಯಲ್ಲೇ ಇತ್ತು. ಅತ್ತ ಮುದುಕಿಯ ಕೆಮ್ಮು, ಯಾರದು ಎಂದು ಕೇಳುವ ದನಿ ಹತ್ತಿರವಾಗುತ್ತಿತ್ತು.

"ಬೇಡಮ್ಮ, ಇನ್ನೊಮ್ಮೆ ಮಾಡ್ತೇನೆ," ಎಂದು ಇಟ್ಟುಬಿಟ್ಟೆ.

ವಾರವಾಯಿತು. ಮಾಡಿಲ್ಲ.