ಬುತ್ತಿಯಲ್ಲಿ ಸೂಲಗಿತ್ತಿಯ ಪಾಲು

ಸಂತೆಕಲ್ಲೂರಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಜೋಳದ ಹೊಲಗಳ ಮೇಲೆ ಮಂಜು ನಿಂತಿದೆ. ಊರು ಅದರೊಳಗೆ ತೇಲುತ್ತಿರುವಂತಿದೆ. ಸೂಲಗಿತ್ತಿ ಮಾರೆಮ್ಮ ಪಂಪಣ್ಣನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದಾಳೆ. ಪಂಪಣ್ಣನ ಬಸುರಿ ಹೆಂಡತಿ ಅಮರಮ್ಮ ಉಚ್ಚೆ ಹೊಯ್ದ ಜಾಗವದು. ಇರುವೆ ಮುತ್ತಿವೆ.

"ನಿನ್ನಿ ಏನ್ ತಿಂದಿ ಬೇ?"

"ಏನಿಲ್ಲ, ಅವ್ವ."

"ಇರಿವಿ ಸುಳ್ಳು ಹೇಳ್ತಾವೇನು?"

ಅಮರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾಳೆ. ಮಾರೆಮ್ಮ ನಗುವುದಿಲ್ಲ. ಅಮರಮ್ಮನ ಚೊಚ್ಚಲ ಕೂಸು ಹೊಟ್ಟೆಯಲ್ಲಿ ವಿಪರೀತ ಬೆಳೆದು, ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಮಾರೆಮ್ಮನ ಕೈಯಲ್ಲೇ ಸತ್ತಿತ್ತು. ಈ ಸಲ ಮಾರೆಮ್ಮನೇ ಚಕ್ಕಡಿ ಕಟ್ಟಿಸಿ ಬಸುರಿಯನ್ನು ಲಿಂಗಸುಗೂರಿನ ನಿಜಾಮ ಸರ್ಕಾರದ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಉಚ್ಚೆ ಕಾಯಿಸಿ ನೋಡಿ ಸಕ್ಕರೆ ಬೀಮಾರಿ ಎಂದರು. ಸೂಜಿಮದ್ದು ಹೈದರಾಬಾದಿನಿಂದ ಬರಬೇಕು, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಸಿಹಿ ಬಂದ್, ಉಂಡ ಮೇಲೆ ನಡಿಗೆ.

"ಡಾಕ್ಟರ್ ಸಾಬ್ರು ಖರೇನೇ ಹೇಳ್ಯಾರ. ಅವರು ಇಲ್ಲಿ ಬಂದು ಹೋಳಿಗಿ ಕಾಯ್ತಾರೇನು?" ಎನ್ನುತ್ತಾಳೆ ಮಾರೆಮ್ಮ.

ಕಾಯುವುದು ಸುಲಭವಲ್ಲ. ಬಸುರಿಗೆ ಬಂಧುಬಳಗ, ನೆರೆಹೊರೆ ಎಲ್ಲರೂ ಬಯಕೆಯ ಬುತ್ತಿ ತರುವ ರಿವಾಜು ಇಲ್ಲಿಯದು: ಹೋಳಿಗೆ, ಮಾದಲಿ, ಕರ್ಚಿಕಾಯಿ. ಮುಟ್ಟದೆ ಕಳಿಸಿದರೆ ತಂದವರಿಗೆ ಅವಮಾನ. ಅತ್ತೆ ಜೋಗಮ್ಮನಿಗೆ ಬೇಡ ಎನ್ನುವ ಧೈರ್ಯವಿಲ್ಲ. ಹಾಗಾಗಿ ಮಾರೆಮ್ಮ ತನ್ನದೇ ರಿವಾಜು ಹುಟ್ಟಿಸಿದ್ದಾಳೆ. ಬುತ್ತಿ ಬಿಚ್ಚುವಾಗ ಪಕ್ಕದಲ್ಲಿ ಕೂತು, "ಸೂಲಗಿತ್ತಿ ಪಾಲು ಮೊದಲು" ಎಂದು ಸಿಹಿಯನ್ನೆಲ್ಲ ತಾನೇ ತಿಂದುಬಿಡುತ್ತಾಳೆ. ಅಮರಮ್ಮನಿಗೆ ಉಳಿಯುವುದು ರೊಟ್ಟಿ, ಪುಂಡಿಪಲ್ಯ. ಊರು ಮಾರೆಮ್ಮನನ್ನು ಹೊಟ್ಟೆಬಾಕಿ ಎನ್ನುತ್ತದೆ.

"ಬಸುರಿ ಅಕಿನೋ, ನೀನೋ?" ನೆರೆಮನೆಯ ಜಮೀಲಾಬೀ ಕೆಣಕುತ್ತಾಳೆ.

"ಇಬ್ರೂ ಅಂತ ತಿಳಕೊಳ್ರಿ. ಇನ್ನೊಂದು ಹಾಕ್ರಿ."

ಊಟವಾದ ಮೇಲೆ ಬಸುರಿಯನ್ನು ಹಳ್ಳದವರೆಗೆ ನಡೆಸುತ್ತಾಳೆ. ದೂರದ ಮಸ್ಕಿ ಗುಡ್ಡ ಬಿಸಿಲಲ್ಲಿ ನೀಲಿಯಾಗಿ ಕರಗುತ್ತದೆ. ಅಮರಮ್ಮ ನಿದ್ದೆಯಲ್ಲಿ ನಡೆಯುವವಳಂತೆ ಹೆಜ್ಜೆ ಹಾಕುತ್ತಾಳೆ. ಒಳಗೆ ಕೂಸು ಮೀನಿನಂತೆ ಹೊರಳುತ್ತದೆ.

"ಇದು ಉಳಿತೈತೇನವ್ವ?"

"ನನಗೇನ್ ಗೊತ್ತು? ನಡಿ."

ಮುಕ್ಕುಂದ ಎಂಬ ಊರಲ್ಲಿ ತಾನು ಹೀಗೇ ಕಾಯ್ದ ಬಸುರಿಯೊಬ್ಬಳು ತೀರಿಹೋದ ಮೇಲೆ ಮಾರೆಮ್ಮ ಯಾರಿಗೂ ಮಾತು ಕೊಡುವುದಿಲ್ಲ.

ಎಳ್ಳಮಾಸಿ ಹಬ್ಬದ ಹಿಂದಿನ ದಿನ, ಇಳಿಹೊತ್ತಿನಲ್ಲಿ ನೋವು ಬಲಿಯುತ್ತದೆ. ತಲೆ ಬರುತ್ತದೆ. ಭುಜದ ಸರದಿ ಬಂದಾಗ ಮಾರೆಮ್ಮ ಉಸಿರು ಬಿಗಿಹಿಡಿಯುತ್ತಾಳೆ. ಭುಜ ಜಾರುತ್ತದೆ. ಹೆಣ್ಣುಕೂಸು, ಹದವಾದ ಮೈ. ಚೀರಿ ಅಳುತ್ತದೆ.

ಜೋಗಮ್ಮ ಕಣ್ಣೊರೆಸಿಕೊಳ್ಳುತ್ತ ಬೆಲ್ಲದ ಉಂಡೆ ಹಿಡಿದು ಬರುತ್ತಾಳೆ. "ಬಾಯಿ ತಗಿ, ನಿನಗಂತೂ ಸಿಹಿ ಅಂದ್ರ ಜೀವ."

ಮಾರೆಮ್ಮ ಕೈ ಅಡ್ಡ ಹಿಡಿಯುತ್ತಾಳೆ. "ಬ್ಯಾಡ್ರೀ ಯವ್ವಾ. ಸಣ್ಣಾಕಿ ಇದ್ದಾಗಿಂದ ಸಿಹಿ ಕಂಡ್ರ ನನಗ ವಾಕರಿಕಿ. ಒಂದು ಹಸಿಮೆಣಸಿನಕಾಯಿ ಇದ್ರ ಕೊಡ್ರಿ."