ನಾನು ತಿದ್ದಿದ ಬ್ಲಾಗು

ರಿಟೈರ್ ಆದ ಮೇಲೆ ನನಗೆ ತಿದ್ದಲಿಕ್ಕೆ ಏನೂ ಸಿಗುತ್ತಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಕಲಿಸಿದವಳು. ಪುತ್ತೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬಳೇ ಇರುವುದು. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಕೇಳುತ್ತಿದ್ದವರೂ ಈಗ ಇಲ್ಲ. ಬೆಳಿಗ್ಗೆ ಪೇಪರಿನಲ್ಲಿ ತಪ್ಪು ಹುಡುಕಿ ಅಂಡರ್‌ಲೈನ್ ಮಾಡುವ ಮಟ್ಟಕ್ಕೆ ಬಂದಿದ್ದೆ.

ಹಾಗಿರುವಾಗ ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ಫೋನ್ ಮಾಡಿದಳು. ಅವಳೀಗ ಜಾಲ್ಸೂರಿನ ಆಚೆ ಒಂದು ಶಾಲೆಯಲ್ಲಿ ಟೀಚರ್. ಏಳನೇ ಕ್ಲಾಸಿನ ಮಕ್ಕಳಿಂದ ಬ್ಲಾಗ್ ಬರೆಸಬೇಕು ಅಂತಿದ್ದೇನೆ, ಬುಧವಾರ ಬುಧವಾರ ಬಂದು ಹೆಲ್ಪ್ ಮಾಡ್ತೀರಾ ಮೇಡಂ ಎಂದಳು. ಬ್ಲಾಗ್ ಎಂದರೆ ಎಂತದ್ದೆಂದು ನನಗೇ ಸರಿ ಗೊತ್ತಿರಲಿಲ್ಲ. ಆದರೂ ಸುಳ್ಯದ ಬಸ್ಸು ಹಿಡಿದು ಹೋದೆ. ಬುಧವಾರ ಅಂತ ಒಂದು ದಿನಕ್ಕೆ ಹೆಸರು ಬಂತಲ್ಲ, ಅಷ್ಟು ಸಾಕಿತ್ತು.

ಕ್ಲಾಸಿನಲ್ಲಿ ಎರಡು ಲ್ಯಾಪ್‌ಟಾಪ್. ಕಿಟಕಿಯ ಹತ್ತಿರ ಇಟ್ಟರೆ ಮಾತ್ರ ನೆಟ್‌ವರ್ಕ್. ನೀವು ಬರೆದದ್ದು ಇಲ್ಲಿ ಕಾಣ್ತದೆ, ಲಿಂಕನ್ನು ಪೇರೆಂಟ್ಸ್ ಗ್ರೂಪಿಗೆ ಕಳಿಸ್ತೇನೆ, ಯಾರು ಬೇಕಾದರೂ ಓದಬಹುದು ಎಂದು ಟೀಚರ್ ವಿವರಿಸಿದಳು. ದುಬೈಯಲ್ಲೂ ಕಾಣ್ತದಾ ಎಂದು ಒಬ್ಬ ಕೇಳಿದ. ಅವನ ಅಪ್ಪ ಅಲ್ಲಿದ್ದರು. ನಿನ್ನ ಅಕ್ಷರಕ್ಕೆ ವೀಸಾ ಸಿಗುದಿಲ್ಲ ಮಾರಾಯ, ಎಂದ ಪಕ್ಕದವ. ಕ್ಲಾಸೇ ನಕ್ಕಿತು. ನಾನೂ ನಕ್ಕೆ, ಎಷ್ಟೋ ದಿನದ ಮೇಲೆ.

ಆದರೆ ನನ್ನ ಕಾನ್ವೆಂಟ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಾನೊಂದು ರೂಲ್ ಮಾಡಿದೆ. ಮೊದಲು ನೋಟ್ಸ್ ಪುಸ್ತಕದಲ್ಲಿ ರಫ್ ಬರೆಯಬೇಕು, ನಾನು ತಿದ್ದಬೇಕು, ಫೇರ್ ಕಾಪಿ ಮಾಡಬೇಕು, ಆಮೇಲೆ ಟೈಪ್. ಬ್ಲಾಗಿಗೆ ಫೇರ್ ಕಾಪಿ ಎಂತಕ್ಕೆ ಮೇಡಂ ಎಂದು ಟೀಚರ್ ಮೆಲ್ಲಗೆ ಕೇಳಿದಳು. ಹೊರಗಿನವರು ಓದುವುದು ಪ್ರಾಪರ್ ಆಗಿರಬೇಕು ಎಂದೆ. ಅವಳು ಒಪ್ಪಿದಳು. ಹಳೆಯ ಸ್ಟೂಡೆಂಟ್ ಅಲ್ಲವಾ, ಎದುರಾಡುವುದು ಹೇಗೆ.

ಕರು ಹಾಕಿದ ದನ, ಹಲಸಿನ ಹಪ್ಪಳ, ಬಾವಿಗೆ ಬಿದ್ದ ಚಪ್ಪಲಿ, ಹೀಗೆ ಮಕ್ಕಳು ಬರೆಯುತ್ತಾ ಹೋದರು. ಒಂದು ವಾರ 'ನಮ್ಮ ಮನೆ' ಅಂತ ಸಬ್ಜೆಕ್ಟ್ ಕೊಟ್ಟೆ. ಹೆಚ್ಚು ಮಾತಾಡದ ಒಬ್ಬ ಹುಡುಗಿ ಇದ್ದಳು, ಎರಡನೇ ಬೆಂಚಿನಲ್ಲಿ. ಅವಳು ಬರೆದದ್ದು ನನಗೆ ಬಾಯಿಪಾಠ ಬರುತ್ತದೆ.

"ನಮ್ಮ ಮನೆಯಲ್ಲಿ ಅಪ್ಪ, ಅಜ್ಜಿ, ನಾನು ಇದ್ದೇವೆ. ಅಮ್ಮ ಕಾಸರಗೋಡಿಗೆ ಅವರ ಮನೆಗೆ ಹೋಗಿದ್ದಾರೆ. ಮುಂದಿನ ವಾರ ಬರ್ತಾರೆ ಅಂತ ಎಲ್ಲರೂ ಹೇಳ್ತಾರೆ. ನಾಲ್ಕೂವರೆಯ ಕಾಸರಗೋಡು ಬಸ್ಸಿನಿಂದ ಎಲ್ಲರೂ ಇಳಿದ ಮೇಲೆ ನಾನು ಮನೆಗೆ ಹೋಗುದು."

ಓದಿ ನನಗೆ ಗಾಬರಿಯಾಯಿತು. ಮನೆಯ ವಿಷಯ, ಇಡೀ ಊರು ಓದುವ ಜಾಗದಲ್ಲಿ! ಅಪ್ಪನ ಮುಖ ಎಂತ ಆದೀತು? ಮಗುವಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗಬೇಕಲ್ಲ ಅಂದುಕೊಂಡೆ. ಎರಡನೇ ವಾಕ್ಯದಿಂದ ಕೊನೆಯವರೆಗೆ ಗೀಟು ಎಳೆದು ಹೊಡೆದುಹಾಕಿದೆ. ನಮ್ಮ ಮನೆ ಚಿಕ್ಕದು, ಚೊಕ್ಕದು, ಅಮ್ಮ ರುಚಿಯಾಗಿ ಅಡುಗೆ ಮಾಡುತ್ತಾರೆ, ನಾವೆಲ್ಲರೂ ಸಂತೋಷವಾಗಿದ್ದೇವೆ ಎಂದು ನಾನೇ ಬರೆದುಕೊಟ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿ, ಉರುಟಾದ ಚಂದದ ಅಕ್ಷರದಲ್ಲಿ ಫೇರ್ ಕಾಪಿ ಮಾಡಿ, ಟೈಪ್ ಮಾಡಿದಳು. ವೆರಿ ಗುಡ್ ಎಂದೆ.

ಆಮೇಲೆ ಎರಡು ಬುಧವಾರ ಅವಳು ಖಾಲಿ ಪುಟ ಇಟ್ಟುಕೊಂಡು ಕೂತಳು. ಎರಡನೇ ಬುಧವಾರ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಹತ್ತಿರ ಕೂತು, ಎಂತ ಆಯ್ತು ಮಗಾ, ಬರೆಯಲಿಕ್ಕೆ ಮನಸ್ಸಿಲ್ವಾ ಎಂದು ಕೇಳಿದೆ. ಅವಳು ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಅಮ್ಮ ಓದಿದ್ರು ಮೇಡಂ. ಗ್ರೂಪಿನಲ್ಲಿ ಅಮ್ಮನ ನಂಬರ್ ಈಗಲೂ ಉಂಟು. ನಾನು ಖುಷಿಯಲ್ಲಿದ್ದೇನೆ ಅಂತ ಅವರಿಗೆ ಸಮಾಧಾನ ಆಯ್ತಂತೆ."

ಅವಳು ಬರೆದದ್ದು ಊರಿಗಲ್ಲ, ಒಬ್ಬರಿಗೆ. ಅದು ನನಗೆ ಹೊಳೆದದ್ದು ಆಗ.

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಕಾನ್ವೆಂಟ್ ಬೋರ್ಡಿಂಗಿನ ಭಾನುವಾರಗಳು ನೆನಪಾದವು. ಮನೆಗೆ ಬರೆದ ಕಾಗದವನ್ನು ಕವರ್ ಅಂಟಿಸದೆ ಸಿಸ್ಟರ್ ಮೇಜಿನ ಮೇಲೆ ಇಡಬೇಕಿತ್ತು. ಒಮ್ಮೆ ನಾನು, ಇಲ್ಲಿ ತುಳು ಮಾತಾಡುವವರು ಯಾರೂ ಇಲ್ಲ, ಕರಕೊಂಡು ಹೋಗಿ ಅಂತ ಬರೆದಿದ್ದೆ. ಸಿಸ್ಟರ್ ಗದರಲಿಲ್ಲ, ತಲೆ ಸವರಿ, ಬೋರ್ಡಿನಲ್ಲಿದ್ದ ವಾಕ್ಯವನ್ನು ತೋರಿಸಿದರು. ಐ ಆಮ್ ಕ್ವೈಟ್ ವೆಲ್ ಆಂಡ್ ಹ್ಯಾಪಿ ಹಿಯರ್. ನಾನು ಅದನ್ನೇ ಬರೆದೆ. ಅಮ್ಮ ಅದನ್ನು ಯಾರಿಂದಲೋ ಓದಿಸಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ನಾನು ಐದು ವರ್ಷ ಅಲ್ಲೇ ಇದ್ದೆ. ಸಿಸ್ಟರ್ ಒಳ್ಳೆಯವರು. ಅದೇ ಕಷ್ಟ.

ಮುಂದಿನ ಬುಧವಾರದವರೆಗೆ ಕಾಯಲಿಕ್ಕೆ ಆಗಲಿಲ್ಲ, ಮರುದಿನವೇ ಹೋದೆ. ನೀನು ಬರೆದದ್ದನ್ನೇ ಹಾಕುವ, ತಿದ್ದಿದ್ದು ನಾನು ಅಂತ ನಾನೇ ಬರೀತೇನೆ, ಆಗಬಹುದಾ ಎಂದೆ. ಅವಳು ತುಂಬ ಹೊತ್ತು ಬೆಂಚಿನ ಮರ ಕೆರೆದಳು.

"ಅಪ್ಪನಿಗೆ ಬೇಜಾರಾದ್ರೆ?"

ಟೀಚರ್ ಅಪ್ಪನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದಳು. ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುದು ನನಗೆ ಗೊತ್ತಿರಲಿಲ್ಲ, ಹಾಕಿ ಟೀಚರ್, ಎಂದರಂತೆ ಅವರು.

ಅವಳು ಟೈಪ್ ಮಾಡಿದಳು. ಕೆಳಗೆ ನಾನು ಒಂದೊಂದೇ ಬೆರಳಿನಲ್ಲಿ ಒತ್ತಿದೆ: "ಮೊದಲು ಇಲ್ಲಿ ಇದ್ದದ್ದು ನನ್ನ ಬರಹ, ಈ ಮಗುವಿನದ್ದಲ್ಲ. ಸಂತೋಷವಾಗಿದ್ದೇವೆ ಎಂದು ಬರೆದವಳು ನಾನು." ಅದರ ಕೆಳಗೆ ನನ್ನ ಹೆಸರನ್ನೂ ಹಾಕಿದೆ. ಇಷ್ಟು ವರ್ಷದಲ್ಲಿ ನಾನು ಸಹಿ ಹಾಕಿದ ಮೊದಲ ತಪ್ಪು ಅದು.

ಅಮ್ಮ ಬಂದರಾ ಅಂದರೆ, ಇಲ್ಲ. ಆದರೆ ಆ ಸಂಜೆಯೇ ಅವರ ಫೋನ್ ಬಂತಂತೆ. ಶನಿವಾರ ಅಪ್ಪನೇ ಅವಳನ್ನು ಕಾಸರಗೋಡಿಗೆ ಕರಕೊಂಡು ಹೋದರು. ಗೇಟಿನವರೆಗೆ ಬಿಟ್ಟರೋ ಒಳಗೆ ಹೋದರೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗೆ ಇದೆಯೆಂದು ಅನಿಸಲಿಲ್ಲ.

ಬುಧವಾರ ಅವಳು ನೋಟ್ಸ್ ಪುಸ್ತಕವನ್ನು ಚೀಲದಿಂದ ತೆಗೆಯಲೇ ಇಲ್ಲ. ನೇರ ಕಿಟಕಿಯ ಹತ್ತಿರ ಕೂತು ಟೈಪ್ ಮಾಡತೊಡಗಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮಧ್ಯೆ ಒಮ್ಮೆ ತಿರುಗಿ, ಈಗ ನೋಡ್ತೀರಾ ಮೇಡಂ ಎಂದಳು. ಬೇಡ ಮಗಾ, ಹಾಕಿದ ಮೇಲೆ ಎಲ್ಲರ ಹಾಗೆ ಓದ್ತೇನೆ ಎಂದೆ. ಅವಳಿಗೆ ಅದು ಸರಿ ಕಂಡಿತು.

ಮನೆಗೆ ಬಂದು ಚಾ ಮಾಡಿ ಫೋನಿನಲ್ಲಿ ಬ್ಲಾಗ್ ತೆರೆದೆ. ಹೊಸದೇನೂ ಬಂದಿರಲಿಲ್ಲ. ನೆಟ್‌ವರ್ಕ್ ಹೋಯಿತೋ, ಹಾಕುವುದು ಬೇಡ ಅಂತಲೇ ಅವಳಿಗೆ ಕಂಡಿತೋ. ಕೆಳಗಿನ ಅಂಗಡಿಯ ಶಟರ್ ಎಳೆಯುವವರೆಗೂ ಆ ಪೇಜನ್ನು ಮತ್ತೆ ಮತ್ತೆ ತೆರೆಯುತ್ತಾ ಕೂತಿದ್ದೆ.