ಮೀಟರ್ ದೀಪದ ಮಿಸ್ತ್ರಿ

ಆಗ ನನಗೆ ಅರವತ್ತೆರಡು. ಎಂಟು ವರ್ಷದ ಹಿಂದಿನ ಮಾತು. ವೈರಿಂಗ್ ಮಿಸ್ತ್ರಿಯ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು, ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಬಿದ್ದದ್ದು. ಮಾತಾಡಿದರೆ ಅದರೊಳಗಿಂದ ಸಿಳ್ಳು ಬರುತ್ತಿತ್ತು. ಕಲಬುರಗಿ ಪಕ್ಕದ ನಂದೂರಿನ ದಾಲ್ ಮಿಲ್ಲುಗಳ ಎದುರು, ಬೇವಿನ ಗಿಡದ ಕೆಳಗೆ ಅವನ ಅಂಗಡಿ.

ಕಮಲಾಪುರದಿಂದ ಕೆಂಪು ಬಾಳೆಹಣ್ಣು ಹೇರಿಕೊಂಡು ನಸುಕಿನಲ್ಲೇ ಕಲಬುರಗಿ ಮಾರ್ಕೆಟ್ಟಿಗೆ ಹೋಗುವ ಗಾಡಿ ನಮ್ಮದು. ಓಡಿಸುವವಳು ಮಗಳು, ಪಕ್ಕದಲ್ಲಿ ನಾನು. ನಮ್ಮಿಬ್ಬರ ಮನೆಯ ಒಲೆ ಉರಿಯುವುದೇ ಅದರಿಂದ. ಆ ಗಾಡಿಯ ಮೀಟರ್ ದೀಪ, ಸ್ಟೇರಿಂಗ್ ಹಿಂದಿನ ಮುಳ್ಳುಗಳಿಗೆ ಬೆಳಕು ಕೊಡುವುದು, ದಿನಕ್ಕಿಷ್ಟು ಮಂಕಾಗತೊಡಗಿತು. ಒಂದು ನಸುಕಿನಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದ್ದು ಮಗಳಿಗೆ ಕಾಣಲಿಲ್ಲ. ನೀರು ಕುದ್ದು ಗಾಡಿ ದಾರಿಯಲ್ಲೇ ನಿಂತಿತು.

"ಇನ್ನೊಮ್ಮಿ ಹಿಂಗಾದ್ರ ಇಂಜಿನ್ನೇ ಹೋಗ್ತದ ಯವ್ವಾ. ಮಾರಿಬಿಡಮು," ಎಂದಳು.

ಮಿಸ್ತ್ರಿ ಮೊದಲು ಫ್ಯೂಸ್ ನೋಡಿದ. ಮುಂದಿನ ಸಲ ಬಲ್ಬು ಬದಲಿಸಿದ. ಮೂರನೆಯ ಸಲ ಅರ್ಥ್ ತಂತಿಯ ತುಕ್ಕು ಕೆರೆದು ಬಿಗಿದ. ಅವನ ಅಂಗಡಿಯಲ್ಲಿ ದೀಪ ಝಗ್ ಎನ್ನುತ್ತಿತ್ತು. ವಾರದೊಳಗೆ ಮತ್ತೆ ಅದೇ ಮಂಕು.

"ಮಿಸ್ತ್ರಿ, ನಿನಗ ದೀಪ ಹಚ್ಚಲಾಕ ಬರ್ತದೋ, ಮಂದೀನ ತಿರುಗಿಸಲಾಕ ಬರ್ತದೋ?" ಎಂದು ಎಲ್ಲರೆದುರು ಬೈದೆ.

ಅವನು ಸ್ಟೇರಿಂಗ್ ಪಕ್ಕದ ಸಣ್ಣ ಗಾಲಿ ತೋರಿಸಿದ. ಆ ಬೆಳಕನ್ನು ಏರಿಸುವುದು, ಇಳಿಸುವುದು ಅದೇ. "ನೀವು ಬಂದಾಗೆಲ್ಲ ಇದು ಕೆಳಗ ಇರ್ತದ. ನಾ ಮ್ಯಾಲ ಮಾಡ್ತೀನಿ. ಯಾರು ಮುಟ್ತೀರಿ ಇದನ್ನ?"

"ಯಾರೂ ಮುಟ್ಟಂಗಿಲ್ಲ."

"ತಂತಿ ಸುಳ್ಳು ಹೇಳಂಗಿಲ್ಲಕ್ಕಾ. ಮಂದಿ ಹೇಳ್ತಾರ."

ನನಗೆ ಮೈಯೆಲ್ಲ ಉರಿಯಿತು. ಗಾಡಿ ಮಾರುವುದೇ ಸೈ ಎಂದು ಎದ್ದು ಬಂದೆ. ಮರುದಿನ ನಸುಕಿನಲ್ಲಿ ಮಿಸ್ತ್ರಿ ಅಂಗಡಿ ಬಿಟ್ಟು ಕಮಲಾಪುರಕ್ಕೇ ಬಂದು ನಮ್ಮ ಅಂಗಳದಲ್ಲಿ ನಿಂತಿದ್ದ.

"ದಿನಾ ಏನ್ ಮಾಡ್ತೀರಿ, ಹಂಗೇ ಮಾಡ್ರಿ," ಎಂದ.

ಹಣ್ಣು ಹೇರಿದೆವು. ಗಾಡಿ ಹೊರಡುವ ಮೊದಲು ದಿನದಂತೆ ಸ್ಟೇರಿಂಗಿಗೆ, ಅದರ ಪಕ್ಕಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಬೆರಳಿನ ಜೊತೆ ಆ ಗಾಲಿಯೂ ಒಂದಿಷ್ಟು ಸರಿಯಿತು. ದೀಪ ಒಂದಿಷ್ಟು ಇಳಿಯಿತು.

"ಅಯ್ಯೋ ಅಕ್ಕಾ!" ಮಿಸ್ತ್ರಿ ಹಣೆ ಬಡಿದುಕೊಂಡ. "ಇಷ್ಟು ದೊಡ್ಡ ಗಾಡ್ಯಾಗ ನಿನಗ ಆ ಗಾಲಿನೇ ಹಣಿ ಕಂಡಿತೇನು?"

"ಅದು ಪೂಜಿ. ಅದೂ ಮುಟ್ಟೂದಂತ ಯಾರಿಗೆ ಗೊತ್ತು?"

ಮಗಳು ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕಳು. ನಾನು ನಗಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ. ಒಂದು ಚಿಪ್ಪು ಹಣ್ಣು ಅವನ ಕೈಗೆ ತುರುಕಿದೆ. ಗಾಡಿ ಮಾರುವ ಮಾತು ಮತ್ತೆ ಏಳಲಿಲ್ಲ. ವಿಭೂತಿ ಮಾತ್ರ ಹಟಕ್ಕೆ ಅಲ್ಲೇ ಎಳೆಯುತ್ತಿದ್ದೆ, ಗಾಲಿಯನ್ನು ಮಗಳು ಮೇಲೆ ಮಾಡಿಕೊಳ್ಳುತ್ತಿದ್ದಳು. ಅದೇ ಗಾಡಿ ಇವತ್ತಿಗೂ ಓಡುತ್ತಿದೆ.

ಹೋದ ವರ್ಷ ಮಿಸ್ತ್ರಿ ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆ. ಅಳಲಿಲ್ಲ, ಅತ್ತಿದ್ದರೆ "ಹಳೇ ಬ್ಯಾಟರಿ ಸೋರ್ಲಾಕತ್ತದ" ಅನ್ನುವ ಆಸಾಮಿ ಅವನು.

ಮರುದಿನ ನಸುಕಿನಲ್ಲಿ ಗಾಡಿ ಹತ್ತಿ ಮೊದಲು ಆ ಗಾಲಿಯನ್ನು ಪೂರ್ತಿ ಮೇಲೇರಿಸಿದೆ. ಮುಳ್ಳು ಚಂದ ಕಂಡಿತು. ಆಮೇಲೆ ವಿಭೂತಿ ಹಚ್ಚಿದೆ, ಗಾಲಿಯಿಂದ ಒಂದು ಗೇಣು ದೂರ.